ಜಿಪುಣ ಅಣುಗಳ ಸುತ್ತು

“ತೆಂಗಿನ ಮರದಲ್ಲಿ ಗರಿ ಸುತ್ತಿಕೊಂಡು ಬರುವುದರಲ್ಲೂ ಎಡಸುತ್ತು, ಬಲಸುತ್ತು ಅಂತ ಉಂಟು, ಗೊತ್ತಾ?” ಎಂದ ಸತೀಶ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಪೆರ್ಲದ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತಿದ್ದ ಗಣಪಣ್ಣ ತಲೆ ಎತ್ತಲಿಲ್ಲ. ಇಳುವರಿ ಎಷ್ಟು ಅಂತ ಹೇಳದ ಮಾತಿಗೆ ಅವರು ತಲೆ ಎತ್ತುವವರಲ್ಲ.

“ಹಾಗಾದರೆ ಬಲಸುತ್ತಿನ ಮರದ ಕಾಯಿಯನ್ನೇ ಬೀಜಕ್ಕೆ ಇಟ್ಟರೆ?” ಅಬ್ದುಲ್ಲ ಕೇಳಿದ.

“ಪ್ರಯೋಜನ ಇಲ್ಲ. ಟಿ.ಎ. ಡೇವಿಸ್ ಅಂತ ಸಸ್ಯವಿಜ್ಞಾನಿ 1960ರ ದಶಕದಲ್ಲೇ ನೋಡಿದ್ದಾರೆ. ತಾಯಿಮರ ಹೇಗೇ ಇರಲಿ, ಸಸಿಗಳು ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆದರೆ ಅಣುಗಳು ಹಾಗಲ್ಲ ಮಾರಾಯ.”

ಶುರುವಾಯಿತು. ಬೆಂಜೀನ್ ಉಂಗುರಕ್ಕೆ ಮೂರು ತೋಳು ಇರುವ ಬಿಟಿಎ ಅಂತ ಒಂದು ಅಣು. ಹೈಡ್ರೋಜನ್ ಬಂಧದಿಂದ ಒಂದರ ಮೇಲೊಂದು ತಾನೇ ಕೂತು ಉದ್ದದ ಸರಪಳಿ, ಅಂದರೆ ಪಾಲಿಮರ್ ಆಗುತ್ತದೆ. ಮೊದಲ ಕೆಲವು ಕೂರುವುದೇ ಕಷ್ಟ, ಆಮೇಲೆ ಸರಸರ ಬೆಳೆಯುತ್ತದೆ. ಬೆಳೆಯುವಾಗ ಸ್ವಲ್ಪ ಸ್ವಲ್ಪ ತಿರುಚಿಕೊಳ್ಳುತ್ತದೆ. ಎಡಕ್ಕೋ ಬಲಕ್ಕೋ? ಅಣುವಿಗೆ ನಮ್ಮ ಎಡಗೈ-ಬಲಗೈಯ ಹಾಗೆ ಎಡ-ಬಲ ಇಲ್ಲದಿದ್ದರೆ ಎರಡೂ ಸಮ ಸಮ.

“ಅದಕ್ಕೆ ಎಡ-ಬಲ ಇರುವ ಅಣು ಒಂಚೂರು ಬೆರೆಸಿದರೆ ಸಾಕು, ಉಳಿದದ್ದೆಲ್ಲ ಅದೇ ಕಡೆ ತಿರುಗುತ್ತದೆ. ಸಾರ್ಜೆಂಟ್ ಹೇಳಿದ ಕಡೆಗೆ ಸೈನಿಕರೆಲ್ಲ ತಿರುಗಿದ ಹಾಗೆ, ಅದಕ್ಕೇ ಸಾರ್ಜೆಂಟ್ಸ್ ಅಂಡ್ ಸೋಲ್ಜರ್ಸ್ ಅಂತಾರೆ. ಮಾರ್ಕ್ ಗ್ರೀನ್ ಅವರ ತಂಡ 1989ರಲ್ಲಿ ಬೇರೆ ತರದ ಪಾಲಿಮರಿನಲ್ಲಿ ತೋರಿಸಿತು.”

“ಅಷ್ಟು ಹೆದರಿಕೆಯಾ ಸಾರ್ಜೆಂಟಿಗೆ?”

“ಹೆದರಿಕೆ ಅಲ್ಲ, ಜಿಪುಣತನ. ತನಗೆ ಒಗ್ಗದ ಸುತ್ತಿನಲ್ಲಿ ಕೂತರೆ ಅಣುವಿಗೆ ಸ್ವಲ್ಪ ಶಕ್ತಿ ನಷ್ಟ. ಆದರೆ ನಡುವೆ ಸುತ್ತನ್ನೇ ತಿರುಗಿಸಲು ಹೋದರೆ ಜಾಸ್ತಿ ನಷ್ಟ. ಅದಕ್ಕೇ ಸುಮ್ನೆ ಹೊಂದಿಕೊಳ್ಳುತ್ತದೆ.”

ಗಣಪಣ್ಣ ಈಗ ತಲೆ ಎತ್ತಿದರು. ಮುಖದಲ್ಲಿ ನೆಂಟರನ್ನು ಕಂಡ ಖುಷಿ.

“ಮತ್ತೆ ಎಡದ್ದೂ ಬಲದ್ದೂ ಸೇರಿದರೆ ಪೆಟ್ಟಾಗುವುದಿಲ್ವಾ?” ನಾನು ಕೇಳಿದೆ.

“ಅದು ಯಾವ ಅಣು ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಬೇರೆ ಬೇರೆ ಸಾಲು ಮಾಡಿಕೊಳ್ಳುತ್ತವೆ. ಕೆಲವು ಬೆರೆತು ಕೂರುತ್ತವೆ. ಆಗ ಒಂದು ಕಡೆಯದ್ದು ಸ್ವಲ್ಪವೇ ಜಾಸ್ತಿ ಇದ್ದರೂ ಸುತ್ತು ಪೂರ್ತಿ ಆ ಕಡೆ ಹೋಗಬಹುದು.”

“ಹಾಗಾದರೆ ಮರು ಎಣಿಕೆ ಕೇಳಬೇಕಿತ್ತು,” ಎಂದ ಅಬ್ದುಲ್ಲ. ಪಂಚಾಯತ್ ಚುನಾವಣೆಯಲ್ಲಿ ಸೋತವನಿಗೆ ಎಲ್ಲ ವಿಜ್ಞಾನವೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಸತೀಶ ಬಿಡಲಿಲ್ಲ. ನೆದರ್‌ಲ್ಯಾಂಡ್ಸ್‌ನ ಐಂಧೋವೆನ್‌ನಲ್ಲಿ ಮೈಯರ್ ಅವರ ತಂಡ 2011ರಲ್ಲಿ ಬಿಟಿಎಯ ತೋಳಿನಲ್ಲಿ ಹೈಡ್ರೋಜನ್ ಬದಲು ಡ್ಯುಟೀರಿಯಂ ಕೂರಿಸಿತಂತೆ. ಎಡ-ಬಲದ ವ್ಯತ್ಯಾಸ ಅಂತ ಇದ್ದದ್ದು ಅದೊಂದೇ. ಅಷ್ಟಕ್ಕೇ ಸುತ್ತು ಒಂದು ಕಡೆಗೆ ವಾಲಿತು.

“ಎರಡಕ್ಕೂ ಎಂತ ವ್ಯತ್ಯಾಸ?”

“ಒಂದು ನ್ಯೂಟ್ರಾನ್ ಜಾಸ್ತಿ.”

ಗಣಪಣ್ಣ ಬೆರಳು ಒರೆಸಿಕೊಂಡರು. “ಅದು ಒಂದಕ್ಕೆ ಎಷ್ಟು ಬೀಳುತ್ತದೆ?”