ಬ್ಯಾಂಕಿನ ಡೇಟಾ ಬಿಟ್ಟು ಆರೋಗ್ಯದ ಡೇಟಾ ಕಡೆ ಬರಬಹುದಾ?

ಹಿಂಜವಡಿ ಹುಡುಗ:
ಊರು ಧಾರವಾಡ, ಕೆಲಸ ಪುಣೆಯಲ್ಲಿ. ಕ್ರೆಡಿಟ್ ಕಾರ್ಡ್ ಬಾಕಿ ಯಾರು ಕಟ್ಟುವುದಿಲ್ಲ ಅಂತ ಆರು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ. ಎಸ್‌ಕ್ಯೂಎಲ್, ಪೈಥಾನ್ ಬರುತ್ತದೆ. ಲಸಿಕೆ, ಟಿಬಿ, ನೆರೆ ಪರಿಹಾರ, ಇಂಥ ಕಡೆ ಕೆಲಸ ಮಾಡುವ ಆಸೆ. ಮತ್ತೆ ಓದಬೇಕಾ? ಸಂಬಳ ಎಷ್ಟು ಇಳಿಯುತ್ತದೆ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಗೋವಂಡಿ ಅಕ್ಕ:
ಮನೆಯಲ್ಲಿ ಆಮೇಲೆ ಹೇಳಿ. ಮೊದಲು ಒಂದು ದಿನ ಯಾವುದಾದರೂ ಆರೋಗ್ಯ ಕೇಂದ್ರದಲ್ಲಿ ಕೂತು ಬನ್ನಿ.

ಹನ್ನೊಂದು ವರ್ಷದಿಂದ ಮುಂಬೈನಲ್ಲಿ ನನ್ನದು ಇದೇ ಕೆಲಸ. ಶುರುವಿನಲ್ಲೇ ಚೆನ್ನಾಗಿ ಎಡವಿದ್ದೆ. ಪಾಲ್ಘರ್ ಕಡೆಯ ಒಂದು ಉಪಕೇಂದ್ರದಲ್ಲಿ ಮೂರು ತಿಂಗಳು ದಡಾರ ಲಸಿಕೆ ಸೊನ್ನೆ ಅಂತ ನಕ್ಷೆಯಲ್ಲಿ ಕೆಂಪು ಬಳಿದೆ. ಹೋಗಿ ನೋಡಿದರೆ ಸಿಸ್ಟರ್ ಮಾತಾಡದೆ ರಿಜಿಸ್ಟರ್ ಮುಂದಿಟ್ಟರು. ಮಗುವಿನ ಹೆಸರು, ತಾಯಿಯ ಹೆಸರು, ತಾರೀಖು, ಎಲ್ಲಾ ನೀಲಿ ಪೆನ್ನಿನಲ್ಲಿ. ಲಸಿಕೆ ಹಾಕಿದ್ದರು. ಕಂಪ್ಯೂಟರಿಗೆ ಏರಿಸುವ ಹುಡುಗ ಕೆಲಸ ಬಿಟ್ಟಿದ್ದ, ಅಷ್ಟೇ. ಖಾಲಿ ಸೆಲ್‌ಗಳನ್ನೆಲ್ಲ ಸೊನ್ನೆ ಮಾಡಿದ್ದು ನನ್ನ ಕೋಡಿನ ಒಂದೇ ಸಾಲು. ಅಷ್ಟರಲ್ಲಿ ಸಿಸ್ಟರ್‌ಗೆ ಮೇಲಿನಿಂದ ಬೈಗುಳ ಬಂದಾಗಿತ್ತು. ಟೀ ತರಿಸಿದರು ಬೇರೆ. ಕುಡಿಯೋಕೆ ಮುಖ ಇರಲಿಲ್ಲ.

ಓದು ಅಂದರೆ, ದೇವನಾರ್‌ನಲ್ಲಿ ಐಐಪಿಎಸ್ ಇದೆ, ಜನಸಂಖ್ಯೆ ಬಗ್ಗೆ ಓದಿಸುವ ಸಂಸ್ಥೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುವವರು ಅವರೇ. ಆದರೆ ಡಿಗ್ರಿಗೆ ಮುಂಚೆ ಡಿಎಚ್‌ಐಎಸ್‌2 ಅನ್ನುವ ಸಾಫ್ಟ್‌ವೇರ್ ಮುಟ್ಟಿ ನೋಡಿ. ಓಸ್ಲೋ ವಿಶ್ವವಿದ್ಯಾಲಯದವರದು, ಪುಕ್ಕಟೆ. ಎಷ್ಟೋ ದೇಶಗಳ ಆರೋಗ್ಯ ಇಲಾಖೆಗಳ ಲೆಕ್ಕ ಅದರಲ್ಲೇ ಇದೆ. ಸಿಯೆರಾ ಲಿಯೋನ್ ಹೆಸರಿನ ಡೆಮೊ ಬ್ರೌಸರ್‌ನಲ್ಲೇ ತೆರೆಯುತ್ತದೆ.

ಸಂಬಳ? ನನಗೆ ಹೆಚ್ಚುಕಮ್ಮಿ ಅರ್ಧ ಆಯ್ತು.

ಡೊಂಬಿವಲಿ ಫಾಸ್ಟ್:
ಅಕ್ಕ ಹೇಳದೆ ಬಿಟ್ಟದ್ದು: ಕಾಂಟ್ರಾಕ್ಟ್ ಕೆಲಸವೇ ಜಾಸ್ತಿ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಹಣ ನಿಲ್ಲಿಸಿದಾಗ, ಎಷ್ಟೋ ದೇಶಗಳಲ್ಲಿ ಅದೇ ಹಣದಲ್ಲಿ ನಡೆಯುತ್ತಿದ್ದ ಡಿಎಚ್‌ಎಸ್ ಎಂಬ ಆರೋಗ್ಯ ಸಮೀಕ್ಷೆಗಳೇ ಅರ್ಧಕ್ಕೆ ನಿಂತವು. ಮನೆ ಸಾಲ ಇದ್ದರೆ ಯೋಚಿಸಿ. ಮರಾಠಿ ಓದೋಕೆ ಬರುತ್ತಾ? ಇಲ್ಲಿ ರಿಜಿಸ್ಟರ್ ಎಲ್ಲಾ ಮರಾಠಿ, ಅದೂ ಡಾಕ್ಟರ್ ಚೀಟಿಯಂಥ ಅಕ್ಷರ.

ಗೋವಂಡಿ ಅಕ್ಕ:
ಹೌದು, ಫಂಡ್ ನಿಂತರೆ ನಾವೂ ನಿಂತ ಹಾಗೆ. ನಾನು ಎರಡು ಸಲ ಮನೆಯಲ್ಲಿ ಕೂತಿದ್ದೇನೆ, ಒಂದು ಸಲ ಐದು ತಿಂಗಳು.

ಹಿಂಜವಡಿ ಹುಡುಗ:
ಸಾಲ ಇಲ್ಲ, ಸದ್ಯ. ಮರಾಠಿ ತರಕಾರಿ ಕೊಳ್ಳುವಷ್ಟು ಬರುತ್ತದೆ. ರಾತ್ರಿ ಡೆಮೊ ತೆರೆದೆ. ಮೊದಲ ಟೇಬಲ್‌ನಲ್ಲೇ ಎರಡು ಖಾಲಿ ಸೆಲ್ ಇದ್ದವು. ಅಭ್ಯಾಸ ನೋಡಿ, ಸೊನ್ನೆ ತುಂಬಿಸೋಕೆ ಕೈ ಹೋಗೇಬಿಟ್ಟಿತ್ತು. ಅಕ್ಕಾ, ಶನಿವಾರ ನಿಮ್ಮ ಜೊತೆ ಒಂದು ಕೇಂದ್ರಕ್ಕೆ ಬರಬಹುದಾ?