ಹಸಿದವರಿಗೆ ಅಕ್ಕಿ ಕೊಟ್ಟ ಮೇಲೆ ಅವರ ಕೂಲಿಯ ಬಗ್ಗೆಯೂ ಕೇಳುವುದು ಚರ್ಚಿನ ಕೆಲಸವೇ?

ಪ್ರಶ್ನೆ (ಉಡುಪಿಯಿಂದ)

ನಾನು ಉಡುಪಿ ಧರ್ಮಪ್ರಾಂತ್ಯದ ಒಂದು ಚರ್ಚಿನಲ್ಲಿ ವಾರ್ಡಿನ ಗುರಿಕಾರನಾಗಿದ್ದೇನೆ (ಮುಖ್ಯಸ್ಥ). ನಮ್ಮಲ್ಲಿ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಕಷ್ಟದಲ್ಲಿರುವ ಮನೆಗಳಿಗೆ, ಜಾತಿ ಮತ ವಿಚಾರಿಸದೆ, ಪ್ರತಿ ತಿಂಗಳು ಅಕ್ಕಿ, ಬೇಳೆ, ಎಣ್ಣೆ ತಲುಪಿಸುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಜನರು ಉಪವಾಸ ಮಾಡಿ ಉಳಿಸಿದ ಹಣವೂ ಇದೇ ಕೆಲಸಕ್ಕೆ ಸೇರುತ್ತದೆ. ಈಗ ಚರ್ಚಿನ ಸಭಾಭವನ ಕಟ್ಟುತ್ತಿರುವ ಬಾಗಲಕೋಟೆ, ಕೊಪ್ಪಳ ಕಡೆಯ ಕಾರ್ಮಿಕರ ಕುಟುಂಬಗಳಿಗೂ ಆಹಾರದ ಕಿಟ್ ಕೊಡೋಣವೆಂದು ಪಾಲನಾ ಪರಿಷತ್ತಿನಲ್ಲಿ ಪ್ರಸ್ತಾಪ ಬಂತು. ಆಗ ಒಬ್ಬ ಯುವತಿ ಎದ್ದು, ಕಂತ್ರಾಟುದಾರರು ಅವರಿಗೆ ಎಷ್ಟು ಕೂಲಿ ಕೊಡುತ್ತಾರೆ, ಅದು ಸಮಯಕ್ಕೆ ಸರಿಯಾಗಿ ಸಿಗುತ್ತದೆಯೇ ಎಂಬುದನ್ನು ನಾವು ಮೊದಲು ಕೇಳಬೇಕಲ್ಲವೇ ಎಂದರು. ಹಿರಿಯರೊಬ್ಬರಿಗೆ ಇದು ರಾಜಕೀಯವೆನಿಸಿತು. ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆಂದು ಯೇಸುಸ್ವಾಮಿಯೇ ಹೇಳಿರುವಾಗ ನಮ್ಮ ಕರ್ತವ್ಯ ಉಪಕಾರ ಮಾಡುವುದಷ್ಟೇ ಎಂದು ಅವರು ವಾದಿಸಿದರು. ಚರ್ಚೆ ಅಲ್ಲಿಗೇ ನಿಂತಿದೆ. ಹಸಿವಿನ ಕಾರಣವನ್ನು ಪ್ರಶ್ನಿಸುವುದು ವಿಶ್ವಾಸಕ್ಕೆ ಸೇರಿದ ವಿಷಯವೇ, ಅಥವಾ ಅದರ ಹೊರಗಿನದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಗಳೂರು, ಬಿಜೈಯಿಂದ)

ಆ ಹಿರಿಯರ ಕಾಳಜಿಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಅವರು ಉಲ್ಲೇಖಿಸಿದ ಮಾತನ್ನು ಪೂರ್ತಿಯಾಗಿ ಓದಬೇಕು. ಯೇಸುಸ್ವಾಮಿಯ ಆ ಮಾತು ಬೈಬಲಿನ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 15ನೇ ಅಧ್ಯಾಯವನ್ನು ನೆನಪಿಸುವಂಥದ್ದು. ಏಳು ವರ್ಷಗಳಿಗೊಮ್ಮೆ ಸಾಲಗಳನ್ನು ಬಿಟ್ಟುಬಿಡಬೇಕು, ನಿಮ್ಮಲ್ಲಿ ಬಡವರೇ ಇರಬಾರದು ಎಂದು ಆರಂಭವಾಗುವ ಆ ಅಧ್ಯಾಯವು, ನಾಡಿನಲ್ಲಿ ಬಡವರು ಇದ್ದೇ ಇರುವುದರಿಂದ ನಿನ್ನ ಕೈಯನ್ನು ಧಾರಾಳವಾಗಿ ತೆರೆ ಎಂದು ಆಜ್ಞಾಪಿಸುತ್ತದೆ. ಬಡತನ ಇರುತ್ತದೆ, ಆದ್ದರಿಂದ ಸುಮ್ಮನಿರು ಎಂಬ ಅರ್ಥ ಅಲ್ಲಿ ಎಲ್ಲಿಯೂ ಇಲ್ಲ.

ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆಗಳನ್ನು ಆಯ್ದುಕೊಳ್ಳಬಾರದು, ಅವು ಬಡವರಿಗೂ ಪರದೇಶಿಗಳಿಗೂ ಸೇರಿದವು ಎಂಬ ನಿಯಮವಿದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬದಂದು, ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು ಹೊಸ ಅಕ್ಕಿಯ ಊಟ ಮಾಡುವ ನಮಗೆ ಈ ನಿಯಮ ಬೇಗ ಅರ್ಥವಾಗಬೇಕು. ಹೊಲದ ಅಂಚಿನ ಬೆಳೆ ಯಜಮಾನ ಮನಸ್ಸು ಬಂದಾಗ ಕೊಡುವ ದಾನವಾಗಿರಲಿಲ್ಲ, ಅದು ಬಡವನ ಪಾಲಾಗಿತ್ತು. ಕೂಲಿಯ ವಿಷಯದಲ್ಲಂತೂ ಧರ್ಮಗ್ರಂಥ ಇನ್ನಷ್ಟು ನಿಷ್ಠುರವಾಗಿದೆ: ಬಡ ಕೂಲಿಯವನು ನಿನ್ನವನಾಗಿರಲಿ, ಪರದೇಶಿಯಾಗಿರಲಿ, ಆ ದಿನದ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡವು ವಿಧಿಸುತ್ತದೆ, ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರದ ಐದನೇ ಅಧ್ಯಾಯ ಶ್ರೀಮಂತರನ್ನು ಎಚ್ಚರಿಸುತ್ತದೆ.

ಇದು ಇತ್ತೀಚಿನವರು ತಂದ ವ್ಯಾಖ್ಯಾನವೂ ಅಲ್ಲ. 13ನೇ ಲಿಯೋ ಜಗದ್ಗುರುಗಳು (ಪೋಪ್) 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ, ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿಕೊಂಡ ಕಾರ್ಮಿಕನು ಅನ್ಯಾಯಕ್ಕೆ ಬಲಿಯಾದವನೆಂದೇ ಬರೆದಿದ್ದಾರೆ. ‘ಅವರೇ ಒಪ್ಪಿ ಬಂದಿದ್ದಾರಲ್ಲ’ ಎಂಬ ನಮ್ಮ ಸಮಾಧಾನಕ್ಕೆ ಆ ಪತ್ರದಲ್ಲಿ ಜಾಗವಿಲ್ಲ. ಜಗದ್ಗುರು 6ನೇ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ ಸಂತ ಅಂಬ್ರೋಸರ ಮಾತನ್ನು ನೆನಪಿಸುತ್ತಾರೆ: ಬಡವನಿಗೆ ನೀನು ಕೊಡುವುದು ನಿನ್ನ ಸ್ವತ್ತಲ್ಲ, ಅವನದನ್ನೇ ಅವನಿಗೆ ಹಿಂದಿರುಗಿಸುತ್ತಿದ್ದೀಯೆ. ಆ ಯುವತಿ ಕೇಳಿದ್ದು ಸರಿಯಾದ ಪ್ರಶ್ನೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ (ಬಲ್ಮಠದಿಂದ)

ನಮ್ಮದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಪರಂಪರೆಯ ಕುಟುಂಬ. ಆ ಚರಿತ್ರೆಯಿಂದ ಒಂದು ವಿಷಯವನ್ನು ಸೇರಿಸಬೇಕೆನಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳಿಗೆ ಬಹುಬೇಗ ಎದುರಾದ ಪ್ರಶ್ನೆ ಹೊಟ್ಟೆಪಾಡಿನದು. ದೀಕ್ಷಾಸ್ನಾನ ಪಡೆದವರು ಜಾತಿಯಿಂದ ಹೊರಗಾಗುತ್ತಿದ್ದರು, ಅದರೊಂದಿಗೆ ಗೇಣಿಯ ಭೂಮಿಯನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದಿನವೂ ಗಂಜಿ ಹಾಕುತ್ತಾ ಹೋಗುವುದಕ್ಕಿಂತ ಕೆಲಸ ಕಲಿಸುವುದು ಮೇಲೆಂದು ಮಿಷನ್ ನಿರ್ಧರಿಸಿತು. ಮುದ್ರಣಾಲಯ ಮತ್ತು ನೇಯ್ಗೆಯ ಕಾರ್ಖಾನೆ ಬಂದವು; 1865ರಲ್ಲಿ ಹಂಚಿನ ಕಾರ್ಖಾನೆಯೂ ಆರಂಭವಾಯಿತು. ಮುಂದೆ ‘ಮಂಗಳೂರು ಹಂಚು’ ಎಂದು ದೇಶವೆಲ್ಲ ಕರೆದದ್ದು ಹೀಗೆ ಹುಟ್ಟಿದ ಉದ್ಯಮದ ವಸ್ತುವನ್ನೇ.

ಆದರೆ ಆ ವ್ಯವಸ್ಥೆಗೆ ಇನ್ನೊಂದು ಮುಖವಿತ್ತು. ಪ್ರಸಂಗ ಮಾಡುವ ಸಂಸ್ಥೆ ಮತ್ತು ಕೂಲಿ ಕೊಡುವ ಸಂಸ್ಥೆ ಒಂದೇ ಆಗಿರುವಲ್ಲಿ, ಕೂಲಿ ಸಾಲದೆಂದು ಹೇಳುವ ಕಾರ್ಮಿಕನು ಸಭೆಯ ಹಿರಿಯರನ್ನೇ ಎದುರು ಹಾಕಿಕೊಂಡಂತಾಗುತ್ತದೆ. ಉಪಕಾರ ಪಡೆದವನ ಬಾಯಿ ಕಟ್ಟಿಹೋಗುತ್ತದೆ. ಪ್ರಶ್ನೆ ಕೇಳಿದವರ ಊರಿನಲ್ಲೂ ಇದೇ ಆಗುವ ಸಾಧ್ಯತೆಯಿದೆ: ಕಟ್ಟಡದ ಯಜಮಾನರೂ ಕಿಟ್ ಹಂಚುವವರೂ ಒಬ್ಬರೇ. ಕಿಟ್ ಪಡೆದ ಕುಟುಂಬವು ನಾಳೆ ಬಾಕಿ ಕೂಲಿಯನ್ನು ಧೈರ್ಯವಾಗಿ ಕೇಳೀತೇ? ಆದ್ದರಿಂದ ಕೂಲಿಯ ವಿಚಾರಣೆ ಮೊದಲು ನಡೆಯಲಿ, ಕಿಟ್ ಆಮೇಲೆ ಬರಲಿ.

ಉತ್ತರ (ಬಂಟ್ವಾಳದಿಂದ)

ನಾನು ಕ್ರೈಸ್ತನಲ್ಲ, ಆದರೂ ವಿಷಯ ಎಲ್ಲರಿಗೂ ಸೇರಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಗಳಲ್ಲಿ ಅನ್ನದಾನಕ್ಕೆ ಎಂದೂ ಕೊರತೆಯಿರಲಿಲ್ಲ. ಉಡುಪಿಯ ಕೃಷ್ಣಮಠದಲ್ಲಿ, ಧರ್ಮಸ್ಥಳದಲ್ಲಿ ಬಂದವರಿಗೆಲ್ಲ ಊಟವಿದೆ. ಹಾಗಿದ್ದರೂ ನಮ್ಮ ಅಜ್ಜಿಯ ಕಾಲದಲ್ಲಿ ಮಳೆಗಾಲದ ಆಟಿ ತಿಂಗಳೆಂದರೆ ಒಕ್ಕಲು ಮನೆಗಳಿಗೆ ಹಸಿವಿನ ತಿಂಗಳೇ ಆಗಿತ್ತು, ಏಕೆಂದರೆ ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯಾಗಿ ಧಣಿಗಳ ಮನೆ ಸೇರುತ್ತಿತ್ತು. ದೇವರಾಜ ಅರಸು ಅವರ ಸರಕಾರ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ತಂದ ಮೇಲೆ ತಾವು ಗೇಣಿಗೆ ಉಳುತ್ತಿದ್ದ ಭೂಮಿಗಾಗಿ ಡಿಕ್ಲರೇಶನ್ (ಅರ್ಜಿ) ಕೊಟ್ಟು ಅದನ್ನು ಪಡೆದ ಮನೆಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಒಕ್ಕಲುಗಳೆಲ್ಲರೂ ಇದ್ದರು. ಭೂಮಿ ಕಳೆದುಕೊಂಡ ಧಣಿಗಳಲ್ಲಿ ಕ್ರೈಸ್ತರೂ ಇದ್ದರು. ನಮ್ಮ ಮನೆಯ ಹಸಿವನ್ನು ನೀಗಿಸಿದ್ದು ಆ ಕಾನೂನು.

ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಕೂಲಿಯ ವಿಚಾರಣೆ ಮುಗಿಯುವವರೆಗೆ ಕಿಟ್ ಕಾಯಲಿ ಎನ್ನಬಾರದು. ಮಳೆಗಾಲದಲ್ಲಿ ಕೆಲಸ ನಿಂತಿರುವ ಶೆಡ್ಡಿನಲ್ಲಿ ಮಕ್ಕಳಿದ್ದರೆ ಅವರಿಗೆ ಇಂದೇ ಊಟ ಬೇಕು. ಆ ಕುಟುಂಬಗಳ ಪಡಿತರ ಚೀಟಿ ಊರಿನಲ್ಲಿಯೇ ಉಳಿದಿದ್ದರೂ ಅದರ ಅಕ್ಕಿಯನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಲು ಅವಕಾಶವಿದೆ. ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗಿ ಇದನ್ನು ಮಾಡಿಸಿಕೊಟ್ಟರೆ ಅದು ಹಲವು ಕಿಟ್‌ಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಉತ್ತರ (ಕಂಕನಾಡಿಯಿಂದ)

ದುಡಿಯಲೊಲ್ಲದವನು ಉಣ್ಣಲೂ ಬಾರದು ಎಂಬ ಸಂತ ಪೌಲರ ಮಾತನ್ನು ಕೆಲವರು ಇಂತಹ ಸಭೆಗಳಲ್ಲಿ ತರುತ್ತಾರೆ. ಅದು ಥೆಸಲೋನಿಕದ ಸಭೆಯಲ್ಲಿ ಮನಸ್ಸಿಲ್ಲದೆ ಕೆಲಸ ಬಿಟ್ಟವರಿಗೆ ಹೇಳಿದ್ದು. ದಿನವಿಡೀ ಬೀಡಿ ಸುತ್ತಿ, ಅದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟದ್ದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಮಜೂರಿ ಪಡೆಯುವ ನಮ್ಮ ಹೆಂಗಸರ ಮುಂದೆ ಆ ವಾಕ್ಯವನ್ನು ಓದುವುದು ಅನ್ಯಾಯ. ನಮ್ಮಲ್ಲಿ ಹಸಿದಿರುವವರಲ್ಲಿ ಹೆಚ್ಚಿನವರು ದುಡಿಯುವವರೇ.

ಮುಂದೇನು ಮಾಡಬಹುದೆಂಬುದಕ್ಕೆ ಬರುತ್ತೇನೆ. ಕಂತ್ರಾಟುದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಅದನ್ನು ಕೊಡಬೇಕೆಂಬ ತತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದಲೇ ಬಂದಿದೆ. ಸಭಾಭವನದ ಮಟ್ಟಿಗೆ ಆ ಮಾಲೀಕ ಚರ್ಚು. ಆದ್ದರಿಂದ ಇದನ್ನು ಬೇರೆಯವರ ವ್ಯವಹಾರದಲ್ಲಿ ತಲೆಹಾಕುವುದೆಂದು ಹಿರಿಯರು ಭಾವಿಸಬೇಕಾಗಿಲ್ಲ. ಕಂತ್ರಾಟುದಾರರಿಗೆ ಮುಂದಿನ ಕಂತಿನ ಹಣ ಕೊಡುವ ಮೊದಲು ಹಾಜರಿ ಪುಸ್ತಕವನ್ನೂ ಕೂಲಿ ಪಾವತಿಯ ಲೆಕ್ಕವನ್ನೂ ತೋರಿಸುವಂತೆ ಧರ್ಮಗುರುಗಳ ಮೂಲಕ ಕೇಳಿರಿ. ಹೆಂಗಸರಿಗೂ ಗಂಡಸರಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಇದೆಯೇ ಎಂದು ನೋಡಿರಿ. ಜೊತೆಗೆ, 18ರಿಂದ 60 ವರ್ಷದೊಳಗಿನ, ಕಳೆದ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿಗೆ ಅರ್ಹರು. ಕೆಲಸ ಮಾಡಿದ್ದಕ್ಕೆ ದೃಢೀಕರಣ ಸಿಗದೆ ಅರ್ಜಿ ಹಾಕಲಾಗದವರಿಗೆ ಆ ಪತ್ರವನ್ನು ಕೊಡಿಸುವುದು ನಿಮ್ಮ ಪರಿಷತ್ತಿನ ಕೈಯಲ್ಲಿಯೇ ಇದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಿಟ್ ವಿತರಣೆಯನ್ನು ತಡೆಯದೆ, ಹಾಜರಿ ಪುಸ್ತಕದ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕಾರ್ಯದರ್ಶಿಯವರಿಗೆ ಬರೆದು ಕೊಡುತ್ತೇನೆ. ಅದನ್ನು ಮಂಡಿಸುವಂತೆ ಆ ಯುವತಿಯನ್ನೇ ಕೇಳಿಕೊಳ್ಳುವೆ.