ಪದಚರ್ಚೆ: ಜೇಮ್ಸ್ ಬ್ರೌನ್ ಬಗ್ಗೆ ಬರೆಯುವಾಗ ‘ಗ್ರೂವ್’ಗೆ ‘ಗತ್ತು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಅವರ ಬದುಕಿನ ಕಥೆಗೆ ಕನ್ನಡದಲ್ಲಿ ಪದಗಳ ಕೊರತೆ ಇಲ್ಲ. 1933ರ ಮೇ 3ರಂದು ಸೌತ್ ಕ್ಯಾರೊಲಿನಾದ ಬಾರ್ನ್‌ವೆಲ್‌ನಲ್ಲಿ ಹುಟ್ಟಿದರು. ಬೆಳೆದದ್ದು ಜಾರ್ಜಿಯಾದ ಆಗಸ್ಟಾದಲ್ಲಿ, ನೆಂಟರು ನಡೆಸುತ್ತಿದ್ದ ವೇಶ್ಯೆಯರ ಮನೆಯಲ್ಲಿ. ಬೂಟು ಪಾಲಿಶ್ ಮಾಡಿ, ಸೈನಿಕರ ಮುಂದೆ ಕುಣಿದು ಚಿಲ್ಲರೆ ಸಂಪಾದಿಸಿದ ಹುಡುಗ. 16ನೇ ವಯಸ್ಸಿಗೆ ಕಳ್ಳತನದ ಕೇಸಿನಲ್ಲಿ ಜೈಲು. ಅಲ್ಲಿಂದ ಹೊರಬರಲು ನೆರವಾದದ್ದು ಬಾಬಿ ಬರ್ಡ್ ಎಂಬ ಗಾಯಕನ ಮನೆಯವರು. ಮುಂದೆ ಅದೇ ಬರ್ಡ್ ಜೊತೆ ತಂಡ, 1956ರಲ್ಲಿ ಮೊದಲ ರೆಕಾರ್ಡು. ಇಷ್ಟನ್ನು ಯಾರು ಬೇಕಾದರೂ ಕನ್ನಡದಲ್ಲಿ ಹೇಳಬಹುದು. ಅವರ ಸಂಗೀತದ ಮಾತು ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಅದಕ್ಕೇ ಈ ಪತ್ರ.

ಮೊದಲು ‘ಸೋಲ್’, ಬ್ರೌನ್ ಹಾಡುತ್ತಿದ್ದ ಸಂಗೀತದ ಹೆಸರು. ಇದನ್ನು ‘ಆತ್ಮ ಸಂಗೀತ’ ಅಂತ ಮಾಡಿದರೆ ನಮ್ಮ ಓದುಗರು ಭಜನೆಯ ಕಡೆ ಹೋಗುತ್ತಾರೆ. ಈ ಸಂಗೀತ ಚರ್ಚಿನ ಹಾಡಿನಿಂದ ಬಂದದ್ದು ನಿಜ. ಆದರೆ 1960ರ ದಶಕದ ಅಮೆರಿಕದಲ್ಲಿ ‘ಸೋಲ್’ ಅಂದರೆ ಕಪ್ಪು ಜನರ ಒಳಗಿನ ಬಳಕೆ, ಬಂಧುತ್ವ ಎಲ್ಲ ಸೇರಿದ ಮಾತು. ಅವರ ಅಡುಗೆಗೆ ಸೋಲ್ ಫುಡ್ ಎಂಬ ಹೆಸರು. 1967ರಲ್ಲಿ ಡೆಟ್ರಾಯಿಟ್‌ನಲ್ಲಿ ಗಲಭೆಯಾದಾಗ ಅಂಗಡಿಯವರು ಬಾಗಿಲ ಮೇಲೆ ‘ಸೋಲ್ ಬ್ರದರ್’ ಅಂತ ಬರೆದುಕೊಂಡರು. ಇದು ನಮ್ಮವರ ಅಂಗಡಿ, ಬಿಟ್ಟುಬಿಡಿ ಎಂದು ಅರ್ಥ. ಜೇಮ್ಸ್ ಬ್ರೌನ್‌ಗೆ ಇದ್ದ ಬಿರುದು ‘ಸೋಲ್ ಬ್ರದರ್ ನಂಬರ್ ಒನ್’. ಇಲ್ಲಿ ಆತ್ಮವೂ ಇಲ್ಲ, ಪರಮಾತ್ಮನೂ ಇಲ್ಲ. ‘ನಮ್ಮವ’ ಅನ್ನುವ ಮಾತೇ ಜಾಸ್ತಿ ಹತ್ತಿರ.

ಹಾಗಾಗಿ ‘ಸೋಲ್’ ಅಂತಲೇ ಉಳಿಸುವುದು ನನಗೆ ಸರಿ ಕಾಣುತ್ತದೆ. ಆದರೆ ವಿಭಕ್ತಿ ಹಚ್ಚುವಾಗ ಎಚ್ಚರ ಬೇಕು. ‘ಸೋಲಿನ ಗಾಯಕ’ ಅಂತ ಬರೆದರೆ ಕೆಟ್ಟಿತು. ‘ಸೋಲ್‌ನ’, ‘ಸೋಲ್‌ನಲ್ಲಿ’ ಎಂದು ಬಿಡಿಸಿಯೇ ಬರೆಯಬೇಕು. ಸಾಧ್ಯವಾದ ಕಡೆ ‘ಸೋಲ್ ಹಾಡು’, ‘ಸೋಲ್ ಗಾಯಕ’ ಎಂದು ಜೊತೆಗೆ ಇನ್ನೊಂದು ಪದ ಇಡುವುದು ಇನ್ನೂ ಕ್ಷೇಮ.

ಎರಡನೆಯದು ಬ್ರೌನ್ ಅವರ ಇನ್ನೊಂದು ಬಿರುದು, ‘ಗಾಡ್‌ಫಾದರ್ ಆಫ್ ಸೋಲ್’. ನಮ್ಮ ಪತ್ರಿಕೆಗಳಲ್ಲಿ ಗಾಡ್‌ಫಾದರ್ ಅಂದರೆ ಟಿಕೆಟ್ ಕೊಡಿಸುವ ರಾಜಕಾರಣಿ, ಇಲ್ಲವೇ ಸಿನಿಮಾದಲ್ಲಿ ಅವಕಾಶ ಕೊಡಿಸುವವರು. ‘ಪಿತಾಮಹ’ ಅನ್ನಬಹುದು. ಪುರಂದರದಾಸರನ್ನು ಹಾಗೆ ಕರೆಯುತ್ತೇವಲ್ಲ. ಆದರೆ ಪಿತಾಮಹ ಅಂದಾಗ ಶುರು ಮಾಡಿದವರು ಎಂಬ ಅರ್ಥ ಬರುತ್ತದೆ. ಸೋಲ್ ಹಾಡಿಗೆ ದಾರಿ ಮಾಡಿದವರಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಕೂಡ ಇದ್ದಾರೆ. ಅವರನ್ನು ಬದಿಗೆ ಸರಿಸಿದ ಹಾಗಾಗುತ್ತದೆ.

ನನ್ನ ಮನಸ್ಸು ‘ಯಜಮಾನ’ ಎಂಬ ಪದದ ಕಡೆ ಇದೆ. ನಮ್ಮ ನಾಟಕ ಕಂಪನಿಗಳಲ್ಲಿ, ಯಕ್ಷಗಾನ ಮೇಳಗಳಲ್ಲಿ ಇದು ಬಳಕೆಯಲ್ಲಿರುವ ಮಾತು. ಬ್ರೌನ್ ತಂಡ ನಡೆಸಿದ ರೀತಿಗೆ ಇದು ಚೆನ್ನಾಗಿ ಒಪ್ಪುತ್ತದೆ. ವಾದಕರೆಲ್ಲ ಅವರನ್ನು ‘ಮಿಸ್ಟರ್ ಬ್ರೌನ್’ ಎಂದೇ ಕರೆಯಬೇಕಿತ್ತು. ಸ್ವರ ತಪ್ಪಿದರೆ ದಂಡ, ಬೂಟಿಗೆ ಹೊಳಪಿಲ್ಲದಿದ್ದರೂ ದಂಡ. 1962ರಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನ ಕಛೇರಿಯನ್ನು ರೆಕಾರ್ಡ್ ಮಾಡಲು ಕಂಪನಿಯವರು ಒಪ್ಪದಿದ್ದಾಗ ಸ್ವಂತ ಹಣ ಹಾಕಿ ಮಾಡಿಸಿದರು. ಆ ರೆಕಾರ್ಡು ಅಮೆರಿಕದ ಜನಪ್ರಿಯ ರೆಕಾರ್ಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಏರಿತು.

1968ರ ಏಪ್ರಿಲ್ 5ರ ರಾತ್ರಿಯನ್ನೂ ನೆನೆಯಬೇಕು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಇನ್ನೂ ಒಂದೇ ದಿನ. ಅಮೆರಿಕದ ಹಲವು ಊರುಗಳು ಹೊತ್ತಿ ಉರಿಯುತ್ತಿದ್ದವು. ಬಾಸ್ಟನ್‌ನಲ್ಲಿ ಬ್ರೌನ್ ಹಾಡಿದರು, ಅದನ್ನು ಟಿವಿಯಲ್ಲಿ ನೇರವಾಗಿ ತೋರಿಸಲಾಯಿತು. ಹುಡುಗರು ವೇದಿಕೆ ಹತ್ತತೊಡಗಿದಾಗ ಪೊಲೀಸರು ತಳ್ಳಲು ಬಂದರು. ಬ್ರೌನ್ ಪೊಲೀಸರನ್ನು ಹಿಂದೆ ಸರಿಸಿದರು. ಆಮೇಲೆ ಹುಡುಗರಿಗೆ ತಾವೇ ಬುದ್ಧಿ ಹೇಳಿ ಕೆಳಗಿಳಿಸಿದರು. ಯಜಮಾನಿಕೆಯಲ್ಲಿ ದರ್ಪ ಇದೆ, ಹೊಣೆಯೂ ಇದೆ. ಎರಡನ್ನೂ ಹೇಳುವ ಪದ ಇದಲ್ಲದೆ ಬೇರೆ ನನಗೆ ಹೊಳೆಯುತ್ತಿಲ್ಲ.

ದರ್ಪಕ್ಕೆ ಬೆಲೆಯನ್ನೂ ತೆತ್ತರು. 1970ರ ಮಾರ್ಚಿನಲ್ಲಿ ಸಂಬಳದ ಜಗಳವಾಗಿ ತಂಡದ ಬಹುಪಾಲು ಮಂದಿ ಬಿಟ್ಟು ನಡೆದರು. ಆಗ ಸಿನ್ಸಿನಾಟಿಯಿಂದ ಬಂದ ಹುಡುಗರಲ್ಲಿ ಬೂಟ್ಸಿ ಕಾಲಿನ್ಸ್ ಒಬ್ಬ, 18ರ ವಯಸ್ಸು, ಬೇಸ್ ಗಿಟಾರ್ ನುಡಿಸುವವನು. ಅವನಿಗೆ ಬ್ರೌನ್ ಕಲಿಸಿದ ಪಾಠವನ್ನು ಬೂಟ್ಸಿ ಇಂದಿಗೂ ಹೇಳುತ್ತಾರೆ. ‘ಒಂದ’ರಲ್ಲಿ ಗಟ್ಟಿಯಾಗಿ ಬಾ, ಉಳಿದ ಕಡೆ ಏನು ಬೇಕಾದರೂ ನುಡಿಸು ಎಂಬುದು ಅದರ ಸಾರ. ಇದೇ ‘ದಿ ಒನ್’. ನನ್ನ ಮುಖ್ಯ ಪ್ರಶ್ನೆಗಳಲ್ಲಿ ಇದೊಂದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹಾಡುಗಳಲ್ಲಿ ಎಣಿಕೆ ಒಂದು, ಎರಡು, ಮೂರು, ನಾಲ್ಕು. ಅಂದಿನ ರಿದಮ್ ಆಂಡ್ ಬ್ಲೂಸ್ ಹಾಡುಗಳಲ್ಲಿ ಒತ್ತು ಬೀಳುತ್ತಿದ್ದದ್ದು ಎರಡು ಮತ್ತು ನಾಲ್ಕರ ಮೇಲೆ. ಕೇಳುವವರು ಚಪ್ಪಾಳೆ ತಟ್ಟುವುದೂ ಅಲ್ಲೇ. ಬ್ರೌನ್ ಭಾರವನ್ನೆಲ್ಲ ಒಂದರ ಮೇಲೆ ತಂದಿಟ್ಟರು. 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹಾಡಿನಲ್ಲಿ ಈ ಬದಲಾವಣೆ ಕೇಳುತ್ತದೆ. 1967ರ ‘ಕೋಲ್ಡ್ ಸ್ವೆಟ್’ ಹೊತ್ತಿಗೆ ಅದು ಹೊಸ ಸಂಗೀತವೇ ಆಗಿತ್ತು. ಅದನ್ನೇ ಫಂಕ್ ಎನ್ನುತ್ತಾರೆ.

‘ದಿ ಒನ್’ಗೆ ‘ಸಮ’ ಅನ್ನಬಹುದಾ? ಆವರ್ತದ ಮೊದಲ ಪೆಟ್ಟು ಎಂಬ ಅರ್ಥದಲ್ಲಿ ಸರಿಯಾಗಿದೆ. ‘ಎಡುಪು’ ಬೇಡ. ಅದು ಹಾಡು ಎಲ್ಲಿ ಹಿಡಿಯುತ್ತದೆ ಎಂಬುದರ ಮಾತು, ತಾಳದ ಮೊದಲಿನದಲ್ಲ. ಆದರೂ ಒಂದು ಅನುಮಾನ ಉಳಿದಿದೆ. ನಮ್ಮ ಕಛೇರಿಯಲ್ಲಿ ಸಮಕ್ಕೆ ಬಂದು ಸೇರುವುದೇ ಒಂದು ಘಟನೆ. ಎಲ್ಲೆಲ್ಲೋ ಸುತ್ತಾಡಿ ಸಮಕ್ಕೆ ಬಿದ್ದಾಗ ಸಭೆ ತಲೆದೂಗುತ್ತದೆ. ಫಂಕ್‌ನಲ್ಲಿ ಆ ‘ಒಂದು’ ಎರಡು–ಮೂರು ಸೆಕೆಂಡಿಗೊಮ್ಮೆ ಬರುತ್ತದೆ. ಅಲ್ಲಿ ಅದು ಹೊರಡುವ ಜಾಗ, ಪ್ರತಿ ಸಲ ಒದ್ದು ಮುಂದೆ ನೂಕುವ ಪೆಟ್ಟು. ‘ಸಮ’ ಎಂದು ಬರೆದು ಒಂದು ವಾಕ್ಯದಲ್ಲಿ ಈ ವ್ಯತ್ಯಾಸ ಹೇಳಿದರೆ ಸಾಕೇ? ‘ಮೊದಲ ಪೆಟ್ಟು’ ಎಂದು ಸುಮ್ನೆ ಸರಳವಾಗಿ ಇಡುವುದು ಮೇಲೋ? ತಾಳ ಬಲ್ಲವರು ದಯವಿಟ್ಟು ಹೇಳಿ.

‘ಫಂಕ್’ ಪದದ ಬಗ್ಗೆ ಹೆಚ್ಚು ಚರ್ಚೆ ಬೇಡ ಅನ್ನಿಸುತ್ತದೆ. ಮೂಲದಲ್ಲಿ ಅದು ಬೆವರಿನ ಕಮಟು ವಾಸನೆ. ಕಪ್ಪು ಸಂಗೀತಗಾರರ ಬಾಯಲ್ಲಿ ಹೊಗಳಿಕೆಯಾಯಿತು. ನಾವೂ ‘ಭಯಂಕರ ಚೆನ್ನಾಗಿ ಹಾಡಿದ’ ಅನ್ನುತ್ತೇವೆ, ಅಲ್ವಾ? ಅಮಲಿನ ‘ಮಸ್ತ್’ ನಮ್ಮಲ್ಲಿ ಮೆಚ್ಚುಗೆಯ ಮಾತಾಗಿದೆ. ಫಂಕ್ ಫಂಕ್ ಆಗಿಯೇ ಇರಲಿ.

ಈಗ ‘ಗ್ರೂವ್’. ಡ್ರಮ್, ಬೇಸ್, ಗಿಟಾರ್, ಸ್ಯಾಕ್ಸೊಫೋನ್–ಟ್ರಂಪೆಟ್‌ಗಳೆಲ್ಲ ಸೇರಿ ಕಾಲನ್ನು ಕುಣಿಸುವ ಒಂದು ನಡೆ ಹಿಡಿದು ಬಿಡದೆ ಸಾಗುವುದು. ತಮಗೆ ಗಿಟಾರೂ ಡ್ರಮ್ಮಿನ ಹಾಗೇ ಕೇಳಿಸುತ್ತಿತ್ತು ಎಂದು ಬ್ರೌನ್ ಹೇಳಿಕೊಂಡಿದ್ದಾರೆ. ಅವರ ಗಿಟಾರಿಸ್ಟ್ ಜಿಮ್ಮಿ ನೋಲೆನ್ ತಂತಿಯನ್ನು ಕೆದಕುತ್ತಿದ್ದ ರೀತಿಗೆ ಅಲ್ಲಿನವರು ಇಟ್ಟ ಹೆಸರು ‘ಚಿಕನ್ ಸ್ಕ್ರ್ಯಾಚ್’, ಅಂದರೆ ‘ಕೋಳಿ ಕೆದಕು’. ಇದು ನೇರವಾಗಿ ಕನ್ನಡಕ್ಕೆ ಬಂದುಬಿಡುತ್ತದೆ, ಖುಷಿಯ ವಿಷಯ.

‘ಲಯ’ ತುಂಬಾ ದೊಡ್ಡ ಪದ, ಎಲ್ಲ ಸಂಗೀತಕ್ಕೂ ಸಲ್ಲುತ್ತದೆ. ‘ನಡೆ’ಗೆ ಶಾಸ್ತ್ರೀಯ ಸಂಗೀತದಲ್ಲಿ ತಿಶ್ರ, ಚತುರಶ್ರ ಎಂದು ಬೇರೆಯೇ ಲೆಕ್ಕವಿದೆ. ‘ಧಾಟಿ’, ‘ಮಟ್ಟು’ ಹಾಡಿನ ರಾಗದ ಕಡೆ ವಾಲುತ್ತವೆ. ಉಳಿದದ್ದು ‘ಗತ್ತು’. ಡೊಳ್ಳು, ತಮಟೆ, ಹಲಗೆ ಬಾರಿಸುವವರ ಬಾಯಲ್ಲಿ ಇರುವ ಪದ. ಒಂದು ಗತ್ತು ಹಿಡಿದರೆ ಕುಣಿಯುವವರ ಹೆಜ್ಜೆ ಅದಕ್ಕೆ ಕಟ್ಟಿಬೀಳುತ್ತದೆ. ದಿನದ ಮಾತಿನಲ್ಲಿ ಗತ್ತು ಅಂದರೆ ಠೀವಿ, ಸ್ವಲ್ಪ ಜಂಬ. ಕೆಲವರಿಗೆ ಈ ಎರಡನೇ ಅರ್ಥ ಅಡ್ಡಿ ಅನ್ನಿಸಬಹುದು. ನನಗೆ ಅದೇ ಬೇಕಾಗಿದೆ. ‘ನಾನು ಕಪ್ಪು, ನನಗೆ ಹೆಮ್ಮೆ, ಗಟ್ಟಿಯಾಗಿ ಹೇಳು’ ಎಂದು 1968ರಲ್ಲಿ ಮಕ್ಕಳ ಕೋರಸ್ ಕಟ್ಟಿಕೊಂಡು ಹಾಡಿದವರು ಬ್ರೌನ್. ಆ ತಾಳದಲ್ಲೇ ತಲೆ ಎತ್ತಿ ನಡೆಯುವ ಠೀವಿ ಇದೆ. (ಇದೇ ಕಾರಣಕ್ಕೆ ಲೇಖನದಲ್ಲಿ ‘ನೀಗ್ರೋ’ ಎಂಬ ಹಳೆಯ ಪದ ಬಳಸುವುದಿಲ್ಲ. ‘ಕರಿಯರು’ ಅನ್ನುವುದಕ್ಕಿಂತ ‘ಕಪ್ಪು ಜನ’ ನನಗೆ ಸರಿ ಕಾಣುತ್ತದೆ.)

ಕೊನೆಯದು ‘ಬ್ರೇಕ್’ ಮತ್ತು ‘ಸ್ಯಾಂಪಲ್’. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡು ರೆಕಾರ್ಡ್ ಆಯಿತು. ನಡುವೆ ಎಲ್ಲರೂ ನಿಲ್ಲುತ್ತಾರೆ, ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಡ್ರಮ್ ಬಾರಿಸುತ್ತಾರೆ. ಇದೇ ಬ್ರೇಕ್. ಇದನ್ನು ‘ತನಿ’ (ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ಭಾಗ) ಎನ್ನಲಾಗದು. ಸೋಲೋ ಬಾರಿಸಬೇಡ, ಈಗ ಬಾರಿಸುತ್ತಿರುವುದನ್ನೇ ಹಿಡಿದಿರು ಎಂದು ಬ್ರೌನ್ ಹೇಳುವುದು ಆ ರೆಕಾರ್ಡಿನಲ್ಲೇ ಕೇಳುತ್ತದೆ. ಯಕ್ಷಗಾನದಲ್ಲಿ ಚೆಂಡೆ–ಮದ್ದಳೆಯವರು ಬಾರಿಸುವ ‘ಬಿಡ್ತಿಗೆ’ ಇದಕ್ಕೆ ಹತ್ತಿರ ಬರುತ್ತದೆಯೇ? ಚೆಂಡೆ, ಮದ್ದಳೆ ಬಲ್ಲವರ ಮಾತು ಬೇಕು.

ಆ ಕೆಲವೇ ಸೆಕೆಂಡುಗಳ ತುಣುಕನ್ನು ಮುಂದೆ ಹಿಪ್‌ಹಾಪ್ ಕಲಾವಿದರು ನೂರಾರು ಹಾಡುಗಳಿಗೆ ತೆಗೆದುಕೊಂಡರು. ಇದೇ ಸ್ಯಾಂಪಲ್. ಇದಕ್ಕೆ ‘ಎರವಲು’ ಎನ್ನಲು ಮನಸ್ಸು ಬರುವುದಿಲ್ಲ. ಎರವಲು ತಂದದ್ದನ್ನು ಹಿಂತಿರುಗಿಸುತ್ತೇವೆ. ಹಾಡಿನ ಒಡೆತನದಲ್ಲಿ ಸ್ಟಬಲ್‌ಫೀಲ್ಡ್ ಹೆಸರಿರಲಿಲ್ಲ, ಹಾಗಾಗಿ ಆ ಬಳಕೆಯಿಂದ ಅವರ ಕೈಗೆ ಹಣ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. 2017ರಲ್ಲಿ ತೀರಿಕೊಂಡರು. ಇತ್ತ ‘ಕದ್ದರು’ ಎಂದರೆ ಆ ತುಣುಕಿನಿಂದ ಹೊಸ ಹಾಡು ಕಟ್ಟಿದ ಹುಡುಗರಿಗೆ ಅನ್ಯಾಯ. ಸದ್ಯಕ್ಕೆ ‘ಎತ್ತಿಕೊಂಡ ತುಣುಕು’ ಎಂದು ಬರೆದಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ತಿಳಿಸಿ.

‘ಗತ್ತು’ ಪದವನ್ನು ನಿಮ್ಮ ಕಡೆ ವಾದ್ಯದವರು ಹೇಗೆ ಬಳಸುತ್ತಾರೆ ಎಂದು ಬರೆಯುವವರು ಊರು, ವಾದ್ಯ ಎರಡರ ಹೆಸರನ್ನೂ ಸೇರಿಸಿ. ಹಳೇ ಮೈಸೂರು ಕಡೆಯ ತಮಟೆಗೂ ಉತ್ತರ ಕರ್ನಾಟಕದ ಹಲಗೆಗೂ ಅರ್ಥ ಒಂದೇನಾ ಎಂಬುದು ನನಗೆ ತಿಳಿಯಬೇಕಾಗಿದೆ.